ಮೇಣದಬತ್ತಿಗೂ ಬುಲೆಟ್‌ಪ್ರೂಫ್ ಜಾಕೆಟ್‌ಗೂ ಒಂದೇ ಗೋತ್ರ!

ಇವತ್ತು ಯಾವ ಪಕ್ಷದ ವಿಷಯವೂ ಬೇಡ, ಯಾವ ನಾಯಕರ ವಿಷಯವೂ ಬೇಡ. ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಯೋಚನೆ ಮಾಡಿ. ನಿಮ್ಮ ಅಡುಗೆಮನೆಯ ಸಿಲಿಂಡರ್‌ನಲ್ಲಿರುವ ಗ್ಯಾಸ್, ಕರೆಂಟ್ ಹೋದಾಗ ಹಚ್ಚುವ ಮೇಣದಬತ್ತಿ, ಬೆಳಗ್ಗೆ ಬಾಗಿಲಿಗೆ ಬರುವ ಹಾಲಿನ ಪ್ಯಾಕೆಟ್, ಮಂಡಿ ಆಪರೇಷನ್ ಆದ ಅಜ್ಜಿಯ ಮೊಣಕಾಲಿನೊಳಗೆ ಕೂತಿರುವ ಬಿಳಿ ತುಂಡು, ಸೈನಿಕನ ಎದೆಯ ಮೇಲಿನ ಗುಂಡು ನಿರೋಧಕ ಜಾಕೆಟ್. ಈ ಐದಕ್ಕೂ ಏನು ಸಂಬಂಧ?

ಒಂದು ಗಾಳಿಯಲ್ಲಿ ಹಾರಿ ಹೋಗುತ್ತೆ. ಒಂದು ಉಗುರಿನಲ್ಲಿ ಕೆರೆದರೆ ಪುಡಿಯಾಗುತ್ತೆ. ಇನ್ನೊಂದು ಬಂದೂಕಿನ ಗುಂಡನ್ನೇ ತಡೆದು ನಿಲ್ಲಿಸುತ್ತೆ. ಸಂಬಂಧ ಎಲ್ಲಿಂದ ಬರಬೇಕು ಅಂತೀರಾ? ಸಂಬಂಧ ಇದೆ ಸ್ವಾಮಿ. ಐದೂ ಒಂದೇ ಗೋತ್ರದವು. ಐದರಲ್ಲೂ ಮುಖ್ಯವಾಗಿ ಇರುವುದು ಎರಡೇ ಸಾಮಾನು: ಇಂಗಾಲ ಮತ್ತು ಜಲಜನಕ. ಇಂಗಾಲದ ಪರಮಾಣುಗಳು ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತಿರುತ್ತವೆ, ಅಕ್ಕಪಕ್ಕದಲ್ಲಿ ಜಲಜನಕ ಅಂಟಿಕೊಂಡಿರುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಆ ಸಾಲು ಎಷ್ಟು ಉದ್ದ ಇದೆ ಅನ್ನುವುದರಲ್ಲಿದೆ. ಸಾಲು ಉದ್ದವಾದಷ್ಟೂ ಅಣುವಿನ ತೂಕ ಜಾಸ್ತಿ. ವಿಜ್ಞಾನಿಗಳು ಇದನ್ನು ಅಣುತೂಕ, ಅಂದರೆ ಮಾಲಿಕ್ಯುಲರ್ ವೇಟ್ ಅಂತಾರೆ.

ಶಾಲೆಯಲ್ಲಿ ಓದಿದ್ದು ಸ್ವಲ್ಪ ನೆನಪು ಮಾಡಿಕೊಳ್ಳಿ. ಜಲಜನಕದ ಪರಮಾಣು ತೂಕ 1, ಇಂಗಾಲದ್ದು 12, ಆಮ್ಲಜನಕದ್ದು 16. ಹಾಗಾಗಿ ನೀರಿನ ಅಣುತೂಕ 18. ಇಷ್ಟು ಗೊತ್ತಿದ್ದರೆ ಸಾಕು, ಈಗ ಮೆಟ್ಟಿಲು ಹತ್ತೋಣ.

ಮೊದಲ ಮೆಟ್ಟಿಲು ಮೀಥೇನ್, ಗೋಬರ್ ಗ್ಯಾಸ್‌ನಲ್ಲಿರುವ ಅನಿಲ. ಇಂಗಾಲ ಒಂದೇ ಒಂದು. ಅಣುತೂಕ 16. ಮೈನಸ್ 161 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗಿಬಿಡುತ್ತೆ. ಮೂರು ಇಂಗಾಲ ಸೇರಿದರೆ ಪ್ರೊಪೇನ್, ತೂಕ 44. ನಾಲ್ಕು ಸೇರಿದರೆ ಬ್ಯುಟೇನ್, ತೂಕ 58. ಇವೆರಡರ ಮಿಶ್ರಣವೇ ನಿಮ್ಮ ಸಿಲಿಂಡರ್‌ನಲ್ಲಿರುವುದು. ಒತ್ತಡ ಹಾಕಿದರೆ ದ್ರವ, ಬಿಟ್ಟರೆ ಅನಿಲ. ಐದರಿಂದ ಹನ್ನೆರಡು ಇಂಗಾಲದ ಆಸುಪಾಸು ಬಂದರೆ ಪೆಟ್ರೋಲ್, ಅದು ದ್ರವ. ಇನ್ನೂ ಮೇಲೆ ಸೀಮೆಎಣ್ಣೆ, ಡೀಸೆಲ್. ಇಪ್ಪತ್ತು, ಮೂವತ್ತು, ನಲವತ್ತು ಇಂಗಾಲ ಆದಾಗ ಮೇಣ. ಅಣುತೂಕ ಸುಮಾರು 300ರಿಂದ 550. ಈಗ ಗಟ್ಟಿ ವಸ್ತು ಸಿಕ್ಕಿತು, ಆದರೆ 50-60 ಡಿಗ್ರಿಗೇ ಕರಗುತ್ತೆ, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತೆ.

ಅಲ್ಲಿಂದ ಒಂದು ದೊಡ್ಡ ಜಿಗಿತ. ಹತ್ತಾರು ಸಾವಿರದಿಂದ ಕೆಲವು ಲಕ್ಷದವರೆಗೆ ಅಣುತೂಕ ಏರಿದಾಗ ಅದರ ಹೆಸರು ಪಾಲಿಥೀನ್. ಅದೇ ಇಂಗಾಲ, ಅದೇ ಜಲಜನಕ. ಆದರೆ ಈಗ ಎಳೆದರೆ ಹಿಗ್ಗುತ್ತೆ, ಬಗ್ಗಿಸಿದರೆ ಬಗ್ಗುತ್ತೆ, ನಾಲ್ಕು ಕಿಲೋ ತರಕಾರಿ ಹೊರುತ್ತೆ. ಇನ್ನೂ ಮೇಲೆ ಹೋಗಿ 30 ಲಕ್ಷ, 60 ಲಕ್ಷ ತಲುಪಿದರೆ? ಅದು ಅಜ್ಜಿಯ ಮೊಣಕಾಲು, ಅದೇ ಸೈನಿಕನ ಜಾಕೆಟ್.

ಯಾಕೆ ಹೀಗೆ? ಇದಕ್ಕೆ ಲ್ಯಾಬ್ ಬೇಡ, ಒಂದು ತಟ್ಟೆ ಶ್ಯಾವಿಗೆ ಸಾಕು. ಚೂರು ಚೂರಾಗಿ ಕತ್ತರಿಸಿದ ಶ್ಯಾವಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ. ಬೆರಳಿಗೆ ಸಿಕ್ಕಿದ್ದಷ್ಟೇ ಬರುತ್ತೆ. ಈಗ ಒರಳಿನಿಂದ ಒತ್ತಿದ, ಕತ್ತರಿಸದ ಉದ್ದನೆ ಶ್ಯಾವಿಗೆ ಎತ್ತಿ. ಇಡೀ ತಟ್ಟೆಯೇ ಮೇಲೆ ಬರುತ್ತೆ! ಯಾರೂ ಅದಕ್ಕೆ ಗಂಟು ಹಾಕಿಲ್ಲ, ಅಂಟು ಹಚ್ಚಿಲ್ಲ. ಉದ್ದ ಇದೆ ಅನ್ನುವ ಒಂದೇ ಕಾರಣಕ್ಕೆ ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದನ್ನು ಎಳೆದರೆ ನೂರು ಬರುತ್ತವೆ. ಮೇಣ ಅಂದರೆ ಕತ್ತರಿಸಿದ ಶ್ಯಾವಿಗೆ. ಪಾಲಿಥೀನ್ ಅಂದರೆ ಉದ್ದನೆ ಶ್ಯಾವಿಗೆ. ಇನ್ನೊಂದು ಮಾತು. ಪಕ್ಕಪಕ್ಕದ ಎರಡು ಅಣುಗಳ ನಡುವಿನ ಸೆಳೆತ ತುಂಬಾ ದುರ್ಬಲ. ಆದರೆ ಸಾಲು ಉದ್ದವಾದಂತೆ ಆ ದುರ್ಬಲ ಸೆಳೆತ ಸಾವಿರಾರು ಕಡೆ ಕೆಲಸ ಮಾಡುತ್ತೆ. ಹನಿ ಹನಿ ಕೂಡಿದರೆ ಹಳ್ಳ ಅಂತೀವಲ್ಲ, ಹಾಗೆ.

ಎಷ್ಟು ಉದ್ದ ಅಂತ ಅಂದಾಜಿಗೆ ಹೇಳ್ತೀನಿ. 40 ಲಕ್ಷ ತೂಕದ ಒಂದು ಅಣುವನ್ನು ನೇರವಾಗಿ ಎಳೆದು ನಿಲ್ಲಿಸಿದರೆ ಅದರ ಉದ್ದ ಸುಮಾರು 36 ಮೈಕ್ರಾನ್, ತಲೆಕೂದಲ ದಪ್ಪದ ಅರ್ಧದಷ್ಟು. ಇಷ್ಟೇನಾ ಅನ್ನಬೇಡಿ. ಅದೇ ಅಣುವನ್ನು ಒಂದು ಸೆಂಟಿಮೀಟರ್ ದಪ್ಪದ ಹಗ್ಗ ಅಂದುಕೊಂಡರೆ, ಹಗ್ಗದ ಉದ್ದ ಸುಮಾರು 700 ಮೀಟರ್ ಆಗುತ್ತೆ. ಅಂಥ ಕೋಟಿ ಕೋಟಿ ಹಗ್ಗಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಹರಿಯಿರಿ ನೋಡೋಣ!

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಅಣುತೂಕ ಏರಿದಂತೆ ಎಲ್ಲ ಗುಣಗಳೂ ಒಂದೇ ಸಮ ಏರುತ್ತಾ ಹೋಗುವುದಿಲ್ಲ. ಕರಗುವ ಉಷ್ಣತೆ ಮೊದಲು ಸರಸರ ಏರುತ್ತೆ, ಆಮೇಲೆ ನಿಂತುಬಿಡುತ್ತೆ. ಬಕೆಟ್ ಮಾಡುವ ಗಟ್ಟಿ ಪಾಲಿಥೀನ್ ಸುಮಾರು 130 ಡಿಗ್ರಿಗೆ ಕರಗಿದರೆ, ಅದರ ಹತ್ತಾರು ಪಟ್ಟು ತೂಕದ ಜಾಕೆಟ್ ಪಾಲಿಥೀನ್ ಕೂಡ ಹೆಚ್ಚುಕಡಿಮೆ ಅಲ್ಲೇ ಕರಗುತ್ತೆ. ಆದರೆ ಕರಗಿದ ಮೇಲೆ ಹರಿಯುವ ಗುಣ? ಅಲ್ಲಿದೆ ನೋಡಿ ಆಟ. ಎಳೆಗಳು ಒಮ್ಮೆ ಸಿಕ್ಕಿಕೊಳ್ಳುವಷ್ಟು ಉದ್ದ ಆದ ಮೇಲೆ, ಅಣುತೂಕ ಎರಡು ಪಟ್ಟಾದರೆ ಕರಗಿದ ಪ್ಲಾಸ್ಟಿಕ್‌ನ ಸ್ನಿಗ್ಧತೆ ಎರಡು ಪಟ್ಟಲ್ಲ, ಸುಮಾರು ಹತ್ತು ಪಟ್ಟು ಏರುತ್ತೆ. ಹರಳೆಣ್ಣೆ ಥರ ಇದ್ದದ್ದು ಜೋನಿಬೆಲ್ಲ ಆಗುತ್ತೆ, ಜೋನಿಬೆಲ್ಲ ಡಾಂಬರು ಆಗುತ್ತೆ. 40 ಲಕ್ಷಕ್ಕೆ ಹೋದಾಗ ಕರಗಿಸಿದರೂ ಅದು ಹರಿಯುವುದೇ ಇಲ್ಲ! ಹಾಗಾಗಿ ಅದನ್ನು ಬಕೆಟ್ ಥರ ಅಚ್ಚಿಗೆ ಸುರಿಯಲು ಆಗಲ್ಲ. ಪುಡಿಯನ್ನು ಬಿಸಿ ಮಾಡಿ ಒತ್ತಿ ಗಟ್ಟಿ ಮಾಡಬೇಕು.

ಕಾರ್ಖಾನೆಯವರ ಸಂಕಟ ಇಲ್ಲೇ ಶುರು. ಅಣುತೂಕ ಹೆಚ್ಚಿದ್ದರೆ ವಸ್ತು ಗಟ್ಟಿ, ಆದರೆ ಮಷೀನ್‌ನಲ್ಲಿ ಹರಿಯಲ್ಲ. ಕಡಿಮೆ ಇದ್ದರೆ ಚೆನ್ನಾಗಿ ಹರಿಯುತ್ತೆ, ಗಂಟೆಗೆ ಜಾಸ್ತಿ ಬಕೆಟ್ ಬೀಳುತ್ತೆ, ಆದರೆ ಬಾಳಿಕೆ ಕಡಿಮೆ. ಬೆಂಗಳೂರಿನ ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವವರನ್ನು ಕೇಳಿ, ಅವರು ಅಣುತೂಕ ಅನ್ನಲ್ಲ, 'ಎಂಎಫ್‌ಐ ಎಷ್ಟು' ಅಂತ ಕೇಳ್ತಾರೆ. ಮೆಲ್ಟ್ ಫ್ಲೋ ಇಂಡೆಕ್ಸ್. ಪಾಲಿಥೀನನ್ನು 190 ಡಿಗ್ರಿಗೆ ಕಾಯಿಸಿ, ಮೇಲೆ 2.16 ಕಿಲೋ ಭಾರ ಹೇರಿದರೆ ಸಣ್ಣ ರಂಧ್ರದಿಂದ ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಇಳಿಯುತ್ತೆ ಅನ್ನುವ ಲೆಕ್ಕ. ಜಾಸ್ತಿ ಇಳಿದರೆ ಎಳೆ ಗಿಡ್ಡ, ಕಡಿಮೆ ಇಳಿದರೆ ಎಳೆ ಉದ್ದ. ನೀರಿನ ಪೈಪಿಗೆ ಕಡಿಮೆ ಹರಿಯುವ ಪ್ಲಾಸ್ಟಿಕ್ ಬೇಕು, ಅಚ್ಚಿನಲ್ಲಿ ಹೊಡೆಯುವ ತೆಳು ಡಬ್ಬಿಗೆ ಜಾಸ್ತಿ ಹರಿಯುವುದು ಬೇಕು. ಎಳೆಗೆ ಕವಲುಗಳಿದ್ದರೆ ಗುಣ ಇನ್ನೂ ಬದಲಾಗುತ್ತೆ. ಹಾಲಿನ ಪ್ಯಾಕೆಟ್ ಮೆತ್ತಗಿರುವುದು ಅದಕ್ಕೇ.

ಇಷ್ಟೆಲ್ಲಾ ಇವತ್ತು ಸಲೀಸಾಗಿ ಹೇಳ್ತಿದ್ದೀವಿ. ಆದರೆ ನೂರು ವರ್ಷದ ಹಿಂದೆ ಇದನ್ನು ಹೇಳಿದವರನ್ನು ಜನ ನಂಬಲೇ ಇಲ್ಲ. 1920ರಲ್ಲಿ ಜರ್ಮನಿಯ ಹರ್ಮನ್ ಸ್ಟಾಡಿಂಗರ್ ಅನ್ನುವ ರಸಾಯನ ವಿಜ್ಞಾನಿ ಒಂದು ಪ್ರಬಂಧ ಬರೆದರು. ರಬ್ಬರ್‌ನಂಥ ವಸ್ತುಗಳು ಸಣ್ಣ ಅಣುಗಳ ಗುಂಪಲ್ಲ, ಸಾವಿರಾರು ಕೊಂಡಿಗಳ ಒಂದೇ ಉದ್ದನೆ ಸರಪಳಿ ಅನ್ನುವುದು ಅವರ ವಾದ. ಅಷ್ಟು ದೊಡ್ಡ ಅಣು ಇರಲು ಸಾಧ್ಯವೇ ಇಲ್ಲ ಅಂತ ಆಗಿನ ಘಟಾನುಘಟಿಗಳು ತಳ್ಳಿಹಾಕಿದರು. ಅವರು ಬಿಡಲಿಲ್ಲ. ದ್ರಾವಣ ಎಷ್ಟು ಮಂದವಾಗಿದೆ ಅನ್ನುವುದನ್ನು ಅಳೆದು ಅಣುತೂಕ ಲೆಕ್ಕ ಹಾಕುವ ದಾರಿ ತೋರಿಸಿದರು. ಕೊನೆಗೆ 1953ರಲ್ಲಿ ನೊಬೆಲ್ ಬಂತು. 33 ವರ್ಷ ಕಾದರು ಪುಣ್ಯಾತ್ಮ!

ಈ ನಡುವೆ 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಲ್ಯಾಬಿನಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲವನ್ನು ಸಾವಿರಕ್ಕೂ ಹೆಚ್ಚು ವಾಯುಮಂಡಲದಷ್ಟು ಒತ್ತಡದಲ್ಲಿ ಬಿಸಿ ಮಾಡುತ್ತಿದ್ದರು. ಅವರು ಹುಡುಕುತ್ತಿದ್ದದ್ದೇ ಬೇರೆ. ಪಾತ್ರೆ ತೆರೆದರೆ ಒಳಗೆ ಮೇಣದಂಥ ಬಿಳಿ ವಸ್ತು. ಅದೇ ಪಾಲಿಥೀನ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರೇಡಾರ್ ಕೇಬಲ್‌ಗಳಿಗೆ ಅದೇ ಹೊದಿಕೆ ಆಯಿತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಅಂಥ ಭಾರೀ ಒತ್ತಡ ಇಲ್ಲದೆಯೇ, ಕವಲಿಲ್ಲದ ಉದ್ದನೆ ಸರಪಳಿ ಕಟ್ಟುವ ವೇಗವರ್ಧಕ ಕಂಡುಹಿಡಿದರು. 1963ರಲ್ಲಿ ಇಟಲಿಯ ಗಿಯುಲಿಯೊ ನಟ್ಟಾ ಜೊತೆ ಅವರಿಗೂ ನೊಬೆಲ್.

ಈಗ ಅಜ್ಜಿಯ ಮೊಣಕಾಲಿಗೆ ಬರೋಣ. ಕೃತಕ ಕೀಲಿನ ಚರಿತ್ರೆಯಲ್ಲಿ ಬ್ರಿಟನ್ನಿನ ಸರ್ಜನ್ ಜಾನ್ ಚಾರ್ನ್ಲಿ ಹೆಸರು ದೊಡ್ಡದು. ಅವರು ಸೊಂಟದ ಕೀಲಿಗೆ ಮೊದಲು ಹಾಕಿದ್ದು ಟೆಫ್ಲಾನ್, ನಿಮ್ಮ ನಾನ್‌ಸ್ಟಿಕ್ ತವಾದಲ್ಲಿರುವ ವಸ್ತು. ನುಣುಪಾಗಿತ್ತು, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು, ರೋಗಿಗಳು ಮತ್ತೆ ಆಪರೇಷನ್‌ಗೆ ಬರಬೇಕಾಯಿತು. 1962ರಲ್ಲಿ ಅವರು ಅತಿ ಹೆಚ್ಚು ಅಣುತೂಕದ ಪಾಲಿಥೀನಿಗೆ ಬಂದರು. ಇವತ್ತಿಗೂ ಬಹುಪಾಲು ಮಂಡಿ, ಸೊಂಟದ ಬದಲಿ ಕೀಲುಗಳಲ್ಲಿ ಲೋಹದ ಎದುರು ಉಜ್ಜಿಕೊಳ್ಳುವ ಭಾಗ ಅದೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ದೇಹದೊಳಗೆ ಇಡುವ ವಸ್ತು ಅಂದಮೇಲೆ ಕ್ರಿಮಿಶುದ್ಧಿ ಮಾಡಬೇಕಲ್ವಾ? ದಶಕಗಳ ಕಾಲ ಗಾಮಾ ಕಿರಣ ಹಾಯಿಸಿ ಶುದ್ಧಿ ಮಾಡುತ್ತಿದ್ದರು, ಅದೂ ಸಾಮಾನ್ಯ ಗಾಳಿ ಇರುವ ಪ್ಯಾಕೆಟ್ಟಿನಲ್ಲಿ. ಆ ಕಿರಣ ಕ್ರಿಮಿಯನ್ನೂ ಕೊಂದಿತು, ಸರಪಳಿಯನ್ನೂ ಕಡಿಯಿತು. ಕಡಿದ ತುದಿಗೆ ಗಾಳಿಯ ಆಮ್ಲಜನಕ ಬಂದು ಅಂಟಿತು, ಸರಪಳಿ ಇನ್ನಷ್ಟು ತುಂಡಾಯಿತು. ಕಪಾಟಿನಲ್ಲಿ ಸುಮ್ಮನೆ ಇಟ್ಟಿದ್ದರೂ ಒಳಗೊಳಗೇ ಅಣುತೂಕ ಇಳಿಯುತ್ತಿತ್ತು. ನೋಡೋಕೆ ಅದೇ ಬಿಳಿ, ಅದೇ ನುಣುಪು, ಆದರೆ ಗಟ್ಟಿತನ ಹೋಗಿ ಪೆಡಸಾಗಿರುತ್ತಿತ್ತು. 1990ರ ದಶಕದಲ್ಲಿ ಇದು ಸ್ಪಷ್ಟವಾದ ಮೇಲೆ ಆಮ್ಲಜನಕ ಇಲ್ಲದ ಪ್ಯಾಕಿಂಗ್ ಬಂತು. ಎಳೆಗಳನ್ನು ಅಡ್ಡಡ್ಡ ಬೆಸೆಯುವ ವಿಧಾನ ಬಂತು, ವಿಟಮಿನ್ ಇ ಬೆರೆಸುವುದೂ ಬಂತು. ಒಂದು ಸಂಖ್ಯೆ ಇಳಿದರೆ ಒಬ್ಬ ಮನುಷ್ಯ ಮತ್ತೆ ಕುಂಟುತ್ತಾನೆ. ಅಣುತೂಕ ಅನ್ನುವುದು ಪಠ್ಯಪುಸ್ತಕದ ವಿಷಯ ಅಂತ ಯಾರಾದರೂ ಅಂದರೆ ಈ ಕಥೆ ಹೇಳಿ.

ಇನ್ನು ಜಾಕೆಟ್. ಕರಗಿದರೂ ಹರಿಯದ ವಸ್ತುವಿನಿಂದ ದಾರ ತೆಗೆಯುವುದು ಹೇಗೆ? 1970ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಅದನ್ನು ದ್ರಾವಕದಲ್ಲಿ ಕರಗಿಸಿದರೆ ಎಳೆಗಳ ಸಿಕ್ಕು ಸಡಿಲವಾಗುತ್ತೆ. ಆಗ ಲೋಳೆಯಂಥ ದಾರ ತೆಗೆದು, ಹತ್ತಾರು ಪಟ್ಟು ಉದ್ದಕ್ಕೆ ಎಳೆದರು. ಸಿಕ್ಕಾಗಿದ್ದ ಶ್ಯಾವಿಗೆ ಈಗ ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿತು. ತೂಕಕ್ಕೆ ತೂಕ ಹಿಡಿದರೆ ಆ ದಾರ ಉಕ್ಕಿಗಿಂತ ಹಲವು ಪಟ್ಟು ಬಲವಾದದ್ದು, ಮೇಲಾಗಿ ನೀರಿನಲ್ಲಿ ತೇಲುತ್ತೆ. ಹಡಗಿನ ಹಗ್ಗಕ್ಕೂ ಅದೇ, ಗುಂಡು ತಡೆಯುವ ಜಾಕೆಟ್‌ಗೂ ಅದೇ.

ಸರಿ, ಇದರಿಂದ ನಮಗೇನು? ಬರ್ತೀನಿ ಅಲ್ಲಿಗೇ.

ಮದುವೆ ಮನೆಯ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಕಾಲು ಲಟಕ್ ಅಂತ ಮುರಿದು ಹಿರಿಯರೊಬ್ಬರು ಕೆಳಗೆ ಬೀಳೋದನ್ನು ನೋಡಿದ್ದೀರಾ? ನಾನಂತೂ ನೋಡಿದ್ದೀನಿ. ಸುತ್ತಲಿದ್ದವರು ನಗ್ತಾರೆ, ಬಿದ್ದವರ ಸೊಂಟ ಮುರಿದರೆ ಆಮೇಲೆ ಯಾರೂ ನಗಲ್ಲ. ಆ ಕುರ್ಚಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಪಾಲಿಥೀನಿನ ದಾಯಾದಿ. ಅದನ್ನು ಬಿಸಿಲಲ್ಲಿ ಬಿಟ್ಟರೆ ನೇರಳಾತೀತ ಕಿರಣ ಒಂದೊಂದೇ ಸರಪಳಿ ಕಡಿಯುತ್ತೆ. ಬಣ್ಣ ಮಾಸುತ್ತೆ, ಮೇಲೆ ಬಿಳಿ ಪುಡಿ ಏಳುತ್ತೆ. ಆ ಪುಡಿ ಕೊಳೆಯಲ್ಲ ಸ್ವಾಮಿ, ಅದು ಎಚ್ಚರಿಕೆ. ಶ್ಯಾವಿಗೆ ಮತ್ತೆ ಚೂರಾಗಿದೆ ಅಂತ ಅರ್ಥ. ಮನೆ ಮೇಲಿನ ನೀರಿನ ಟ್ಯಾಂಕ್, ಹೊಲದ ಡ್ರಿಪ್ ಪೈಪ್ ಕಪ್ಪಗಿರುತ್ತವಲ್ಲ, ಚಂದಕ್ಕಲ್ಲ. ಅದರಲ್ಲಿ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಆ ಕಿರಣವನ್ನು ತಾನು ನುಂಗಿ ಸರಪಳಿಯನ್ನು ಕಾಪಾಡುತ್ತೆ.

ಎರಡನೆಯದು ಮರುಬಳಕೆ. ಪಾಲಿಪ್ರೊಪಿಲೀನನ್ನು ಪ್ರತಿ ಸಲ ಕರಗಿಸಿದಾಗಲೂ ಒಂದಷ್ಟು ಸರಪಳಿ ತುಂಡಾಗುತ್ತೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಅಂತೂ ಇನ್ನೂ ಸೂಕ್ಷ್ಮ. ಚೂರು ತೇವ ಉಳಿದಿದ್ದರೂ ಆ ಬಿಸಿಯಲ್ಲಿ ನೀರೇ ಕತ್ತರಿಯಾಗಿ ಸರಪಳಿ ಕತ್ತರಿಸುತ್ತೆ. ಹಾಗಾಗಿ ಬಾಟಲಿಯನ್ನು ಮತ್ತೆ ಬಾಟಲಿ ಮಾಡುವುದಕ್ಕಿಂತ ಬಟ್ಟೆ ಮಾಡುವುದು ಸುಲಭ. ಪಾಲಿಯೆಸ್ಟರ್ ನೂಲಿಗೆ ಬಾಟಲಿಗಿಂತ ಕಡಿಮೆ ಅಣುತೂಕ ಸಾಕು. 2023ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ತೆಳುನೀಲಿ ಜಾಕೆಟ್ ತೊಟ್ಟು ಸಂಸತ್ತಿಗೆ ಬಂದಿದ್ದು ನೆನಪಿದೆಯಾ? ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇಂಡಿಯನ್ ಆಯಿಲ್ ಕೊಟ್ಟದ್ದು, ಹಳೇ ಬಾಟಲಿಗಳಿಂದ ಮಾಡಿದ್ದು. ನಾವು ಟಿವಿಯವರು ಅದರ ಬಣ್ಣ ತೋರಿಸಿದೆವು. ಅದರ ಹಿಂದಿನ ಅಣುತೂಕದ ಲೆಕ್ಕ ಹೇಳಿದವರು ಕಡಿಮೆ.

ಮರುಬಳಕೆ ತಪ್ಪಲ್ಲ, ಅದು ಬೇಕೇ ಬೇಕು. ತಪ್ಪಿರುವುದು ಅದನ್ನು ಮುಚ್ಚಿಟ್ಟು ಹೊಸದರ ಬೆಲೆಗೆ ಮಾರುವುದರಲ್ಲಿ. ಹತ್ತು ಕೈ ದಾಟಿ ಕರಗಿದ ಪ್ಲಾಸ್ಟಿಕ್‌ಗೆ ಒಂದಷ್ಟು ಹೊಸ ಕಾಳು ಬೆರೆಸಿದರೆ ಸರಾಸರಿ ಅಣುತೂಕ ಚೆನ್ನಾಗೇ ಕಾಣಬಹುದು. ಆದರೆ ಸರಾಸರಿ ಅನ್ನೋದು ಮೋಸಗಾರ. ಹತ್ತು ಜನರಿರುವ ಹಳ್ಳಿಗೆ ಒಬ್ಬ ಕೋಟ್ಯಧಿಪತಿ ಬಂದರೆ ಸರಾಸರಿ ಆದಾಯ ಏರುತ್ತೆ, ಉಳಿದವರ ಹೊಟ್ಟೆ ತುಂಬುತ್ತಾ? ಉದ್ದ ಎಳೆ ಎಷ್ಟು, ಗಿಡ್ಡ ಎಳೆ ಎಷ್ಟು ಅನ್ನುವ ಹಂಚಿಕೆಯೂ ಮುಖ್ಯ. ಗಿಡ್ಡ ಎಳೆ ಜಾಸ್ತಿ ಇರುವ ಜಾಗದಲ್ಲೇ ಬಿರುಕು ಶುರುವಾಗುವ ಅಪಾಯ.

ಮೂರನೆಯದು, ಇದು ನಿಜಕ್ಕೂ ದೊಡ್ಡದು. ಸರ್ಕಾರ ಪ್ಲಾಸ್ಟಿಕ್ ಚೀಲವನ್ನು ಅಳೆಯುವುದು ಮೈಕ್ರಾನ್‌ನಲ್ಲಿ, ಅಂದರೆ ದಪ್ಪದಲ್ಲಿ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಕ್ಯಾರಿಬ್ಯಾಗ್ ನಿಷೇಧಿಸಿತು. ಕೇಂದ್ರ 2021ರ ಸೆಪ್ಟೆಂಬರ್ 30ರಿಂದ ಕನಿಷ್ಠ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಅಂತ ನಿಯಮ ಮಾಡಿತು. ನಡುವೆ 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ತಟ್ಟೆ, ಲೋಟದಂಥ ಏಕಬಳಕೆ ವಸ್ತುಗಳು ನಿಷೇಧವಾದವು. ದಪ್ಪ ಚೀಲವನ್ನು ಆಯ್ದು ಮಾರಬಹುದು, ತೆಳುವನ್ನು ಚಿಂದಿ ಆಯುವವರೂ ಮುಟ್ಟಲ್ಲ. ಆ ಲೆಕ್ಕ ಸರಿ. ಆದರೆ ಚೀಲ ಮಣ್ಣಲ್ಲಿ ಕರಗದೇ ಇರುವುದಕ್ಕೆ ದಪ್ಪ ಕಾರಣ ಅಲ್ಲ. ಸರಪಳಿ ಕಾರಣ.

ಬ್ಯಾಕ್ಟೀರಿಯಾಗೆ ನಮ್ಮ ಥರ ಬಾಯಿಲ್ಲ, ಹಲ್ಲಿಲ್ಲ. ಸಣ್ಣ ಅಣುವಾದರೆ ಒಳಗೆಳೆದುಕೊಳ್ಳುತ್ತೆ. ಮೇಣದಷ್ಟು ಗಿಡ್ಡ ಸರಪಳಿಯನ್ನು ತಿನ್ನುವ ಸೂಕ್ಷ್ಮಜೀವಿಗಳು ಇವೆ. ಲಕ್ಷ ತೂಕದ್ದು ಅವುಗಳ ಬಾಗಿಲಲ್ಲೇ ಹಿಡಿಸಲ್ಲ. ಹಾಗಾದರೆ ಅನ್ನದ ಪಿಷ್ಟದ ಅಣುವೂ ಕೋಟಿಗಟ್ಟಲೆ ತೂಕದ್ದು, ಅದು ಹೇಗೆ ಜೀರ್ಣ ಆಗುತ್ತೆ ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಪಿಷ್ಟದ ಕೊಂಡಿಗಳನ್ನು ಕತ್ತರಿಸುವ ಕಿಣ್ವ ಪ್ರಕೃತಿಯಲ್ಲಿ ಧಾರಾಳ ಇದೆ, ನಿಮ್ಮ ಎಂಜಲಲ್ಲೇ ಇದೆ. ಅನ್ನ ಜಗಿಯುತ್ತಾ ಇದ್ದರೆ ಸಿಹಿ ಅನಿಸುವುದು ಅದಕ್ಕೇ. ಪಾಲಿಥೀನಿನ ಇಂಗಾಲ-ಇಂಗಾಲ ಕೊಂಡಿಗೆ ಅಂಥ ಚುರುಕು ಕತ್ತರಿ ಪ್ರಕೃತಿಯ ಹತ್ತಿರ ಇಲ್ಲ. ಬಿಸಿಲು ಅದನ್ನು ಒಡೆಯುತ್ತೆ, ಆದರೆ ಅರ್ಧಂಬರ್ಧ. ಕಣ್ಣಿಗೆ ಕಾಣದ ಚೂರಾಗುತ್ತೆ, ಮಣ್ಣಿಗೆ, ಕೆರೆಗೆ ಸೇರುತ್ತೆ. ಅದೇ ಮೈಕ್ರೋಪ್ಲಾಸ್ಟಿಕ್.

ಹಾಗಾಗಿ 'ತಾನಾಗಿ ಪುಡಿಯಾಗುವ ಪರಿಸರಸ್ನೇಹಿ ಚೀಲ' ಅಂತ ಯಾರಾದರೂ ಮಾರಿದರೆ ಒಂದೇ ಪ್ರಶ್ನೆ ಕೇಳಿ: ಪುಡಿಯಾಗುತ್ತೋ, ಮಣ್ಣಾಗುತ್ತೋ? ಎರಡೂ ಒಂದೇ ಅಲ್ಲ. ಪಾಲಿಥೀನಿಗೆ ಒಡೆಯುವ ರಾಸಾಯನಿಕ ಬೆರೆಸಿದ ಇಂಥ ಆಕ್ಸೋ-ಡಿಗ್ರೇಡಬಲ್ ಪ್ಲಾಸ್ಟಿಕ್ಕನ್ನು ಐರೋಪ್ಯ ಒಕ್ಕೂಟ 2021ರಲ್ಲೇ ಮಾರುಕಟ್ಟೆಯಿಂದ ಹೊರಹಾಕಿತು. ಜೋಳದ ಪಿಷ್ಟದಂಥದ್ದರಿಂದ ಬರುವ ಪಿಎಲ್‌ಎ ಪ್ಲಾಸ್ಟಿಕ್ ನಿಜವಾಗಿ ಗೊಬ್ಬರ ಆಗುತ್ತೆ, ಆದರೆ ಸುಮಾರು 60 ಡಿಗ್ರಿ ಬಿಸಿಯಿರುವ ಗೊಬ್ಬರ ಘಟಕದಲ್ಲಿ. ಅಲ್ಲಿ ಮೊದಲು ನೀರು ಅದರ ಅಣುತೂಕ ಇಳಿಸುತ್ತೆ, ಆಮೇಲೆ ಸೂಕ್ಷ್ಮಜೀವಿ ತಿನ್ನುತ್ತೆ. ನಿಮ್ಮ ಹಿತ್ತಿಲ ಗುಂಡಿಯಲ್ಲಿ ಹಾಕಿದರೆ ಅದೂ ಹಾಗೇ ಬಿದ್ದಿರುತ್ತೆ.

ಕೊನೆಗೆ ಮನೆಮಟ್ಟದಲ್ಲಿ ಏನು ಮಾಡಬೇಕು? ಡಬ್ಬಿಯ ತಳದ ತ್ರಿಕೋನ ನೋಡಿ. 1 ಅಂದರೆ ಪೆಟ್, 2 ಗಟ್ಟಿ ಪಾಲಿಥೀನ್, 4 ಮೆತ್ತನೆ ಪಾಲಿಥೀನ್, 5 ಪಾಲಿಪ್ರೊಪಿಲೀನ್. ವಿಂಗಡಿಸಿ ಕೊಟ್ಟರೆ ಉದ್ದ ಎಳೆ ಉದ್ದವಾಗೇ ಉಳಿಯುವ ಅವಕಾಶ ಹೆಚ್ಚು, ಬೆರಕೆ ಆದರೆ ಯಾವುದಕ್ಕೂ ಬರಲ್ಲ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಕೊಡಿ. ಕುರ್ಚಿ, ಬಕೆಟ್ ಬಿಸಿಲಿಗೆ ಬಿಡಬೇಡಿ. ಬಿಳಿ ಪುಡಿ ಎದ್ದ ಕುರ್ಚಿ ಮೇಲೆ ಹಿರಿಯರನ್ನು ಕೂರಿಸಬೇಡಿ.

ಸರ್ಕಾರಕ್ಕೂ ಒಂದು ಮಾತು. ಚೀಲದ ದಪ್ಪ ಅಳೆಯಲು ಅಧಿಕಾರಿಗಳ ಕೈಗೆ ಗೇಜ್ ಕೊಟ್ಟಿದ್ದೀರಿ, ಒಳ್ಳೆಯದು. ಜನ ಕೂರುವ ಕುರ್ಚಿ, ಜನ ಹತ್ತುವ ಸ್ಟೂಲು, ಜನ ಕುಡಿಯುವ ನೀರಿನ ಪೈಪು, ಇವುಗಳೊಳಗಿನ ಸರಪಳಿ ಎಷ್ಟು ಉದ್ದ ಇದೆ ಅಂತ ಅಳೆಯುವವರು ಯಾರು? ಕೊಳ್ಳುವವನಿಗೆ ಅದನ್ನು ಹೇಳುವವರು ಯಾರು? ಅಳೆಯುವ ವಿದ್ಯೆ ಸ್ಟಾಡಿಂಗರ್ ಕಾಲದಿಂದ ಇದೆ. ಅಳೆಯುವ ಮನಸ್ಸು ಬೇಕಷ್ಟೆ. ಯೋಚನೆ ಮಾಡಿ.